ಒಂದೇ ದ್ರಾಕ್ಷಿ, ಎರಡು ರುಚಿ

ಕೊಳ್ಳೇಗಾಲ, ಹನೂರುಗಳ ಬಯಲಿನಲ್ಲಿ ಹಿಪ್ಪುನೇರಳೆ ಬೆಳೆದರೆ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಮೇಲೆ ಕಾಫಿ ಬೆಳೆಯುತ್ತದೆ. ಮಳೆಯ ಮಾತು ಹಾಗಿರಲಿ. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದಷ್ಟೆ. ಉಷ್ಣತೆಯ ಇಂಥ ಅಂತರ ಒಂದೇ ಬೆಳೆಯ ರುಚಿಯನ್ನೂ ಬದಲಿಸಬಲ್ಲುದೆಂಬುದಕ್ಕೆ ಆಸ್ಟ್ರೇಲಿಯದ ಶಿರಾಜ್ ದ್ರಾಕ್ಷಿಯ ಕೆಂಪು ವೈನು ಒಳ್ಳೆಯ ನಿದರ್ಶನ.

ಅಲ್ಲಿನ ಅಗ್ಗದ ವೈನಿನ ಬಹುಪಾಲು ಮರ್ರೆ ನದಿಯ ನೀರಾವರಿಯಂಥ ಬಿಸಿಲುಸೀಮೆಗಳದು. ರಿವರ್‌ಲ್ಯಾಂಡ್ ಅವುಗಳಲ್ಲೊಂದು. ನೆಲ ಸಮತಟ್ಟು, ಇಳುವರಿ ಅಪಾರ, ಕೊಯ್ಲು ಯಂತ್ರದಿಂದ, ಬೆಲೆ ಇಳಿಯದೇನು? ಆದರೆ ಹಣ್ಣೂ ಉಸಿರಾಡುತ್ತದೆ. ಉಷ್ಣತೆ ಹೆಚ್ಚಿದಂತೆ ಆ ಉಸಿರಾಟ ಚುರುಕಾಗಿ ಹಣ್ಣಿನ ಮ್ಯಾಲಿಕ್ ಆಮ್ಲ ಬೇಗನೆ ವ್ಯಯವಾಗುತ್ತದೆ. ಸಕ್ಕರೆ ಮಾತ್ರ ಕೂಡುತ್ತ ಹೋಗಿ, ಹುದುಗಿದಾಗ ಮದ್ಯಸಾರವಾಗುತ್ತದೆ. ಕಡಿಮೆಬಿದ್ದ ಹುಳಿಯನ್ನು ತಯಾರಕರು ಟಾರ್ಟಾರಿಕ್ ಆಮ್ಲ ಬೆರೆಸಿ ಸರಿದೂಗಿಸುತ್ತಾರೆ. ನಮ್ಮ ಹುಣಿಸೆಹಣ್ಣಿನ ಹುಳಿಯೂ ಅದೇ!

ವಿಕ್ಟೋರಿಯಾ ಪ್ರಾಂತದ ತಂಪಾದ ಗ್ರಾಂಪಿಯನ್ಸ್ ಸೀಮೆಯಲ್ಲಿ ಅದೇ ಶಿರಾಜ್ ತನ್ನ ಹುಳಿಯನ್ನು ಉಳಿಸಿಕೊಳ್ಳುವುದಲ್ಲದೆ ಕರಿಮೆಣಸಿನ ಕಂಪನ್ನೂ ಪಡೆಯುತ್ತದೆ. ಇದು ರಸಿಕರ ಕಲ್ಪನೆಯಲ್ಲ. ಮೆಣಸಿಗೆ ಆ ಕಂಪನ್ನು ಕೊಡುವ ರೋಟಂಡೋನ್ ಎಂಬ ವಸ್ತುವೇ ದ್ರಾಕ್ಷಿಯಲ್ಲಿಯೂ ಇರುವುದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಹಣ್ಣಾಗುವ ಕಾಲದಲ್ಲಿ ಗೊಂಚಲಿನ ಉಷ್ಣತೆ 25 ಡಿಗ್ರಿಯನ್ನು ಮೀರಿ ಬಹುಹೊತ್ತು ನಿಂತರೆ ಅದರ ಪ್ರಮಾಣ ಕುಗ್ಗುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವುದರಿಂದ ಈ ಕಂಪಿನ ಸೀಮೆಗಳು ಇನ್ನೂ ಕಿರಿದಾದಾವು.