ಕೊಟ್ಟಿಗೆಯಲ್ಲಿ ಕೂತ ದೋಣಿ ಎಂಜಿನ್ ನಡುಹೊಳೆಯಲ್ಲಿ ಕೈ ಕೊಟ್ಟಾಗ

ನಮ್ಮ ತೋಟ ಇರುವುದು ಕುಂದಾಪುರದ ಹತ್ತಿರ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ತೆಂಗು, ಒಂದಿಷ್ಟು ಗದ್ದೆ. ಸೌಪರ್ಣಿಕಾ, ವಾರಾಹಿ ಸೇರಿದಂತೆ ಐದು ಹೊಳೆಗಳ ನೀರು ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುವ ಜಾಗ. ಗೊಬ್ಬರ ಬರಬೇಕಾದರೂ ಕಾಯಿ ಹೋಗಬೇಕಾದರೂ ನಮಗೆ ದೋಣಿಯೇ ಗತಿ. ದೋಣಿಗೆ 8 ಎಚ್‌ಪಿಯ ಹಳೆಯ ಟು ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ.

ಮೊಣಕಾಲಿನ ಆಪರೇಷನ್ ಆಗಿ ನಾನು ಮಗನ ಮನೆಯಲ್ಲಿ ಕೂತಿದ್ದರಿಂದ ಆ ಎಂಜಿನ್ ಹದಿನೆಂಟು ತಿಂಗಳು ಕೊಟ್ಟಿಗೆಯಲ್ಲೇ ಇತ್ತು. ಬಿಚ್ಚಿ ಇಡುವಾಗ ಪೆಟ್ರೋಲ್ ಖಾಲಿ ಮಾಡಿರಲಿಲ್ಲ. ಅದೇ ತಪ್ಪು. ಮುಂದಿನದೆಲ್ಲ ಅದರ ಬಡ್ಡಿ. ದೋಣಿ ಇಲ್ಲದವರೂ ಇದನ್ನು ಓದಬಹುದು. ಕಳೆ ಕೊಚ್ಚುವ ಮಿಷನ್ನಿಗೂ ಪೆಟ್ರೋಲ್ ಪಂಪಿಗೂ ಇರುವುದು ಇದೇ ಪೆಟ್ರೋಲ್, ಇಂಥದ್ದೇ ಕಾರ್ಬ್ಯುರೇಟರ್.

ಹಗ್ಗ ಎಳೆದರೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಆದರೆ ಚೋಕ್ ಎಳೆದಿದ್ದಾಗ ಮಾತ್ರ. ಚೋಕ್ ಒಳಗೆ ತಳ್ಳಿದ ಕೂಡಲೇ ಬಂದ್. ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಬದಲಾಯಿಸುವುದು ಪ್ಲಗ್. ನಾನೂ ಎರಡು ಹೊಸ ಪ್ಲಗ್ ತಂದೆ, ಏನೂ ಆಗಲಿಲ್ಲ. ಚೋಕ್ ಎಂದರೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಎಳೆಸುವುದು. ಚೋಕಿನಲ್ಲಿ ಮಾತ್ರ ಓಡುತ್ತದೆ ಅಂದರೆ ಬೆಂಕಿ ಸರಿಯಾಗಿಯೇ ಇದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಇಷ್ಟು ಯೋಚಿಸಿದ್ದರೆ ಪ್ಲಗ್ಗಿನ ದುಡ್ಡು ಉಳಿಯುತ್ತಿತ್ತು.

ಟ್ಯಾಂಕಿನ ಹಳೆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ನೋಡಿದರೆ ಎರಡು ಪದರ. ಈಗ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ನೀರಿನ ಅಂಶವನ್ನು ಹೀರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ. ನೀರು ಹೆಚ್ಚಾದಾಗ ಎಥೆನಾಲ್ ಅದರ ಜೊತೆ ಸೇರಿಕೊಂಡು ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನಿಂದ ಎಂಜಿನ್ನಿಗೆ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಇಂಥ ಪೆಟ್ರೋಲಿಗೆ ಹೊಸದು ಬೆರೆಸಿ ಸುಧಾರಿಸಲು ಹೋಗಬೇಡಿ. ಹೊಳೆಗೋ ಬಾವಿಕಟ್ಟೆಯ ಹತ್ತಿರವೋ ಚೆಲ್ಲಲೂಬೇಡಿ. ಟ್ಯಾಂಕ್ ತೊಳೆದು ಒಣಗಿಸಿ ಹೊಸ ಪೆಟ್ರೋಲಿಗೆ ಲೀಟರಿಗೆ 20 ಎಂಎಲ್ ಆಯಿಲ್ ಬೆರೆಸಿದೆ. ನನ್ನ ಎಂಜಿನ್ನಿನ ಪುಸ್ತಕ ಹೇಳುವುದು 50ಕ್ಕೆ 1 ಲೆಕ್ಕ, ನಿಮ್ಮದರ ಪುಸ್ತಕ ನೋಡಿಕೊಳ್ಳಿ.

ಆಮೇಲೆ ಕಾರ್ಬ್ಯುರೇಟರ್. ಕೆಳಗಿನ ಬಟ್ಟಲು ಬಿಚ್ಚಿದರೆ ಒಳಗೆ ಹಲಸಿನ ಮೇಣದ ಹಾಗೆ ಅಂಟು ಕೂತಿತ್ತು. ಜೆಟ್ ಅಂದರೆ ಸೂಜಿಮೊನೆಯಷ್ಟು ತೂತಿರುವ ಹಿತ್ತಾಳೆಯ ಸ್ಕ್ರೂ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು, ನನ್ನದರಲ್ಲಿ ಕತ್ತಲೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟು, ಗಾಳ ಹಾಕುವ ತೆಳು ನೈಲಾನ್ ದಾರ ತೂರಿಸಿದೆ. ಕಬ್ಬಿಣದ ತಂತಿ ಹಾಕಿದರೆ ತೂತು ದೊಡ್ಡದಾಗಿ ಎಂಜಿನ್ ಶಾಶ್ವತವಾಗಿ ಪೆಟ್ರೋಲ್ ಕುಡುಕ ಆಗುತ್ತದೆ. ಐಡಲಿಂಗ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಅಂತ ಬರೆದಿಡಿ. ನನ್ನದು ಒಂದೂಕಾಲು ಸುತ್ತು ಇತ್ತು. ರಬ್ಬರ್ ಭಾಗಕ್ಕೆ ಸ್ಪ್ರೇ ತಾಗಬಾರದು, ಉಬ್ಬುತ್ತದೆ. ಹತ್ತಿರ ಬೀಡಿ ಹಚ್ಚುವವರನ್ನು ಅಂಗಳದಾಚೆ ಕಳಿಸಿ.

ಅಂಗಳದಲ್ಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಬಾವಿನೀರು ತುಂಬಿ ಎಂಜಿನ್ ಇಳಿಸಿದೆ. ನೀರಿಲ್ಲದೆ ಒಂದು ಗಳಿಗೆಯೂ ಓಡಿಸಬಾರದು; ತಂಪು ಮಾಡುವ ನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಹಗ್ಗ ಎಳೆದ ಕೂಡಲೇ ಸ್ಟಾರ್ಟ್, ಚೋಕ್ ತೆಗೆದರೂ ಬಂದ್ ಆಗಲಿಲ್ಲ. ಆದರೆ ಪಕ್ಕದ ತೂತಿನಿಂದ ಚಿಮ್ಮಬೇಕಾದ ನೀರು ಮಾತ್ರ ಬರಲಿಲ್ಲ. ತಕ್ಷಣ ಆಫ್ ಮಾಡಿ ನೋಡಿದರೆ ಆ ತೂತಿನೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ! ಬಿಡಿಸಿದ ಮೇಲೆ ನೀರು ಬಂತು, ಆದರೆ ಸಪ್ಪೆಯಾಗಿ. ರಬ್ಬರ್ ಚಕ್ರದ ರೆಕ್ಕೆಗಳು ಕೂತಲ್ಲೇ ಬಾಗಿ ಗಟ್ಟಿಯಾಗಿದ್ದವು, ಅದನ್ನು ಬದಲಾಯಿಸಿದೆ. ಎಂಜಿನ್ ಗಡಿಯಾರದ ಹಾಗೆ ಓಡಿತು. ನನಗೂ ಹೆಮ್ಮೆ ಬಂತು.

ಮರುದಿನ ಸುಮಾರು 300 ಕಾಯಿ ತುಂಬಿಸಿ ಹೊರಟೆವು. ನಾನು, ಅಕ್ಕನ ಮಗ, ತೋಟದ ಕೆಲಸಕ್ಕೆ ಬರುವ ಒಬ್ಬರು ಹೆಂಗಸು. ನೀರು ಇಳಿಯುವ ಹೊತ್ತು. ಹೊಳೆಯ ನಡುವೆ ಸೆಳೆತ ಜೋರಿದೆ ಅಂತ ಪೂರ್ತಿ ರೇಸ್ ಕೊಟ್ಟೆ. ಎರಡು ನಿಮಿಷ ಚೆನ್ನಾಗಿ ಓಡಿದ ಎಂಜಿನ್ ಉಸಿರು ಕಟ್ಟಿದ ಹಾಗೆ ಸದ್ದು ಇಳಿಸಿ ನಿಂತೇ ಹೋಯಿತು. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟರೆ ಮತ್ತೆ ಬಂದ್. ದೋಣಿ ಅಡ್ಡ ತಿರುಗಿ ಅಳಿವೆ ಕಡೆಗೆ ಜಾರತೊಡಗಿತು. ದೋಣಿಯಲ್ಲಿ ಇದ್ದದ್ದು ಒಂದೇ ಹುಟ್ಟು. ಲಂಗರು ಮನೆಯಲ್ಲಿ. ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ನೋಡಿದೆ, ತೆರೆದೇ ಇತ್ತು. ಅದು ಮುಚ್ಚಿದ್ದರೂ ಹೀಗೇ ಐದು ಹತ್ತು ನಿಮಿಷಕ್ಕೆ ಎಂಜಿನ್ ನಿಲ್ಲುತ್ತದೆ, ಎಷ್ಟೋ ಸಲ ಕಾಯಿಲೆ ಅಷ್ಟೇ ಆಗಿರುತ್ತದೆ. ಆಗ ಹುಡುಗ, “ಮಾವ, ಬಲ್ಬ್ ಒತ್ತಿ ಕಾಂತೆ” ಅಂದ. ಪೆಟ್ರೋಲ್ ಪೈಪಿನ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಉಂಡೆ ಇರುತ್ತದಲ್ಲ, ಅದು. ಅವನು ಹಿಂಡಿದ, ಎಂಜಿನ್ ಎದ್ದು ನಿಂತಿತು. ಬಿಟ್ಟ, ಇಳಿಯಿತು. “ಬಿಡ್ಬೇಡ ಮಾರಾಯ, ಒತ್ತ್ತಾ ಇರು” ಅಂತ ಕೂಗಿದೆ. ಅರ್ಧ ರೇಸಿನಲ್ಲಿ, ಅವನು ಒಂದೇ ಸಮನೆ ಹಿಂಡುತ್ತಾ, ಹೊರಟಲ್ಲಿಂದ ತುಂಬ ಕೆಳಗೆ ಆಚೆ ದಡ ಹಿಡಿದೆವು. ಹುಡುಗನ ಅಂಗೈ ಕೆಂಪಾಗಿತ್ತು.

ಗಂಗೊಳ್ಳಿ ಕಡೆಯ ಮೇಸ್ತ್ರಿಯೊಬ್ಬರಿಗೆ ತೋರಿಸಿದಾಗ ಅವರು ಎಂಜಿನ್ ಮುಟ್ಟಲೇ ಇಲ್ಲ. ಬಲ್ಬಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಪದರ ಈರುಳ್ಳಿ ಸಿಪ್ಪೆಯಂತೆ ಎದ್ದು ನೇತಾಡುತ್ತಿತ್ತು. ಹಳೆಯ ಪೈಪುಗಳಿಗೆ ಎಥೆನಾಲ್ ಮಾಡುವ ಕೆಲಸವಂತೆ. ನಿಧಾನ ಓಡುವಾಗ ಬೇಕಾದ ಪೆಟ್ರೋಲ್ ಸಂದಿಯಲ್ಲಿ ನುಸುಳಿ ಬರುತ್ತದೆ. ಪೂರ್ತಿ ರೇಸಿನಲ್ಲಿ ಎಂಜಿನ್ ಜೋರಾಗಿ ಎಳೆದಾಗ ಆ ಸಿಪ್ಪೆ ಬಂದು ದಾರಿ ಮುಚ್ಚುತ್ತದೆ. ಬಲ್ಬ್ ಹಿಂಡಿದರೆ ಒತ್ತಡಕ್ಕೆ ದಾರಿ ಬಿಡುತ್ತದೆ. “ಡ್ರಮ್ಮಲ್ಲಿ ಎಲ್ಲ ಎಂಜಿನ್ನೂ ಓಡತ್ತ್ ಮಾರಾಯ್ರೆ, ಲೋಡ್ ಹಾಕಿ ಕಾಣ್ಕ್” ಅಂದರು.

ಬಲ್ಬ್ ಗಟ್ಟಿಯಾಗಿಯೇ ಇದೆ ಅಂತ ನಾನು ಮೋಸ ಹೋಗಿದ್ದೆ. ಅದನ್ನು ಓದುವುದು ಹೀಗೆ: ಓಡುವಾಗ ಬಲ್ಬ್ ಒಳಗೆ ಎಳೆದು ಚಪ್ಪಟೆಯಾದರೆ ತೊಂದರೆ ಟ್ಯಾಂಕ್ ಬದಿಗೆ, ಅಂದರೆ ಗಾಳಿ ಸ್ಕ್ರೂ ಅಥವಾ ಕಟ್ಟಿಕೊಂಡ ಕೊಳವೆ. ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನೊಳಗಿನ ವಾಲ್ವ್ ಹೋಗಿದೆ. ಗಟ್ಟಿಯಾಗಿದ್ದೂ ಎಂಜಿನ್ ಬಳಲುತ್ತಿದ್ದರೆ, ಹಿಂಡಿದಾಗ ಚೇತರಿಸಿಕೊಂಡರೆ, ಬಲ್ಬಿನಿಂದ ಮುಂದೆ ಹುಡುಕಿ: ಪೈಪ್, ಫಿಲ್ಟರ್, ಇಲ್ಲವೇ ಎಂಜಿನ್ನಿನ ಸಣ್ಣ ಪೆಟ್ರೋಲ್ ಪಂಪಿನ ಡಯಾಫ್ರಾಮ್. ನಾನು ಪೈಪ್ ಮತ್ತು ಬಲ್ಬ್ ಎರಡನ್ನೂ ಹೊಸದು ಹಾಕಿಸಿದೆ. ಡಯಾಫ್ರಾಮ್ ಕೂಡ ಬದಲಾಯಿಸಿದೆ, ಬೇಕಿತ್ತೋ ಇಲ್ಲವೋ, ಹೆದರಿಕೆ ಹೋಗಿರಲಿಲ್ಲ.

ಗೇರ್ ಆಯಿಲ್ ಕೂಡ ಅದೇ ದಿನ ಇಳಿಸಿ ನೋಡಿದೆವು. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಸೀಲ್ ಹೋಗಿ ನೀರು ನುಗ್ಗಿದೆ ಎಂದು ತಿಳಿಯಬೇಕು. ಪುಣ್ಯಕ್ಕೆ ನನ್ನದು ಸ್ವಚ್ಛವಾಗಿತ್ತು.

ಈಗ ಮಳೆಗಾಲಕ್ಕೆ ಎಂಜಿನ್ ಎತ್ತಿಡುವಾಗ ಡ್ರಮ್ಮಿನ ಸಿಹಿನೀರಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯುತ್ತೇನೆ. ಕೊನೆಗೆ ಪೆಟ್ರೋಲ್ ಪೈಪ್ ಕಳಚಿ ತಾನಾಗಿ ನಿಲ್ಲುವವರೆಗೆ ಬಿಟ್ಟು, ಬಟ್ಟಲಿನ ತಳದ ಸ್ಕ್ರೂ ತೆಗೆದು ಉಳಿದದ್ದನ್ನೂ ಬಸಿಯುತ್ತೇನೆ. ಪ್ಲಗ್ ತೆಗೆದು ಒಂದೊಂದು ಚಮಚ ಟು ಸ್ಟ್ರೋಕ್ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನ ನಾಲ್ಕೈದು ಸಲ ಎಳೆದು ಪ್ಲಗ್ ಹಾಕಿ, ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ನೀರಿನ ತೂತಿಗೆ ಬಟ್ಟೆಯ ತುಂಡು, ಕುಂಬಾರ ಹುಳಕ್ಕಾಗಿ. ತೆಗೆಯಲು ಮರೆಯದ ಹಾಗೆ ಆ ಬಟ್ಟೆಗೆ ಕೆಂಪು ದಾರ ಕಟ್ಟಿದ್ದೇನೆ.

ಮತ್ತೆ ಹೊಳೆಗೆ ಇಳಿಸಿದ ದಿನ ಕಾಯಿ ತುಂಬಿಸುವುದಿಲ್ಲ. ದಡದ ತೆಂಗಿನ ಬುಡಕ್ಕೆ ದೋಣಿಯನ್ನು ಗಟ್ಟಿ ಹಗ್ಗದಲ್ಲಿ ಕಟ್ಟಿ, ಗೇರ್ ಹಾಕಿ, ಅರ್ಧಕ್ಕಿಂತ ಹೆಚ್ಚು ರೇಸಿನಲ್ಲಿ ಹತ್ತು ನಿಮಿಷ ಎಳೆಸುತ್ತೇನೆ. ಮೊದಲ ಸುತ್ತು ನೀರು ಏರುವ ಹೊತ್ತಿನಲ್ಲಿ, ನಿಂತರೂ ಹೊಳೆ ಒಳಗೇ ತಳ್ಳುತ್ತದೆ, ಅಳಿವೆಗಲ್ಲ. ಎರಡು ಹುಟ್ಟು, ಲಂಗರು, ಎಲ್ಲರಿಗೂ ಜಾಕೆಟ್. ತೋಟದ ಕೆಲಸಕ್ಕೆ ಬರುವ ಆ ಹೆಂಗಸು ಈಗಲೂ ದೋಣಿಗೆ ಕಾಲಿಡುವ ಮೊದಲು ಕೇಳುತ್ತಾರೆ: “ಹ್ವಾಯ್, ಹುಟ್ಟ್ ಇತ್ತಾ?”