ಆನಂದಪುರದಲ್ಲಿ ಇಳಿದು, ತಾಳಗುಪ್ಪದಲ್ಲಿ ಹತ್ತಿ

ಶಿಕಾರಿಪುರಕ್ಕೆ ರೈಲು ಇನ್ನೂ ಬಂದಿಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ಹೊಸ ಮಾರ್ಗದ ಕಾಮಗಾರಿ ನಡೆಯುತ್ತಿದೆ. ಸೊರಬದಲ್ಲೂ ನಿಲ್ದಾಣವಿಲ್ಲ. ಆದರೂ ಈ ಎರಡು ತಾಲ್ಲೂಕುಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕೆನ್ನುವವರಿಗೆ ರೈಲಿಗಿಂತ ಒಳ್ಳೆಯ ಜೊತೆಯಿಲ್ಲ. ತಾಳಗುಪ್ಪದ ರೈಲು ಇವುಗಳ ದಕ್ಷಿಣಕ್ಕೆ, ಸಾಗರ ಸೀಮೆಯಲ್ಲಿ ಸಾಗುತ್ತದೆ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಅರಸಾಳು ದಾಟಿದ ಮೇಲೆ ಆನಂದಪುರ, ಮಾರ್ಗದ ಕೊನೆಗೆ ತಾಳಗುಪ್ಪ. ಒಂದರಲ್ಲಿ ಇಳಿದು ಉತ್ತರಕ್ಕೆ ನಡೆದು, ಸುತ್ತು ಹಾಕಿ ಇನ್ನೊಂದರಲ್ಲಿ ಹತ್ತಿದರೆ ಆರೇಳು ದಿನದ ಹಾದಿ.

ಇದು ಯಾವ ಇಲಾಖೆಯೂ ಗುರುತು ಹಾಕಿದ ಚಾರಣಪಥವಲ್ಲ. ಕೊಡಚಾದ್ರಿ, ಕುಮಾರಪರ್ವತದ ಏರೂ ಇಲ್ಲಿಲ್ಲ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅರೆಮಲೆನಾಡು ಇದು: ಕೆರೆ ಏರಿ, ಗದ್ದೆ ಬದು, ಊರಿಂದೂರಿಗೆ ಹೋಗುವ ಕಿರಿದಾದ ಡಾಂಬರು ರಸ್ತೆ. ಕಾರಿನಲ್ಲಿ ಬಂದವರು ಒಂದೇ ದಿನದಲ್ಲಿ ನಾಲ್ಕು ದೇವಸ್ಥಾನ ನೋಡಿ ಹೋಗುತ್ತಾರೆ. ಅವುಗಳ ನಡುವಿನ ನಾಡು ಕಾಣುವುದು ನಡೆದವರಿಗೆ ಮಾತ್ರ.

ಮೊದಲ ಹೆಜ್ಜೆ ನೀರಿನ ಬಳಿಗೆ. ಆನಂದಪುರದ ಪಕ್ಕದ ಮಲಂದೂರಿನಲ್ಲಿ ಕೆಳದಿ ಅರಸರ ಕಾಲದ ಚಂಪಕ ಸರಸ್ಸು ಇದೆ, ಕಲ್ಲಿನ ಮೆಟ್ಟಿಲುಗಳ ಕೊಳ. ಅಲ್ಲಿಂದ ಶಿಕಾರಿಪುರ ಸುಮಾರು 30 ಕಿ.ಮೀ. ನಡೆದು ರೂಢಿಯಿಲ್ಲದವರು ಅರ್ಧ ದೂರ ಬಸ್ಸು ಹತ್ತಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ ದೇವಸ್ಥಾನವಿದೆ. ಒಂದು ದಿನ ಹೆಚ್ಚಿಗೆ ಇದ್ದರೆ 1942ರಲ್ಲಿ ಬ್ರಿಟಿಷರನ್ನು ಧಿಕ್ಕರಿಸಿ ತನ್ನದೇ ಸರ್ಕಾರ ಘೋಷಿಸಿಕೊಂಡ ಈಸೂರಿಗೂ ಹೋಗಿ ಬರಬಹುದು. ಆ ಊರಿನ ಐವರು 1943ರ ಮಾರ್ಚಿನಲ್ಲಿ ಗಲ್ಲಿಗೇರಿದರು.

ಶಿರಾಳಕೊಪ್ಪದ ದಾರಿಯಲ್ಲಿ ಅಕ್ಕಮಹಾದೇವಿಯ ಉಡುತಡಿ. ಅದನ್ನು ದಾಟಿದರೆ ಅಲ್ಲಮಪ್ರಭುವಿನ ಬಳ್ಳಿಗಾವಿ. ಎರಡು ಊರಿನ ನಡುವೆ ಕೆಲವೇ ಗಂಟೆಯ ನಡಿಗೆ. ಕಲ್ಯಾಣದ ಅನುಭವ ಮಂಟಪದಲ್ಲಿ ಎದುರುಬದುರಾಗಿ ಕೂತರೆಂದು ನಾವು ಓದಿದ ಇಬ್ಬರು ಹೆಚ್ಚುಕಡಿಮೆ ನೆರೆಹೊರೆಯ ಊರಿನವರೆಂಬುದು ಇಲ್ಲಿ ಕಾಲಿಗೇ ತಿಳಿಯುತ್ತದೆ.

ಬಳ್ಳಿಗಾವಿಗೆ ಅರ್ಧ ದಿನವಾದರೂ ಬೇಕು. ಮೂರು ಗರ್ಭಗುಡಿಗಳ ಕೇದಾರೇಶ್ವರ, ತ್ರಿಪುರಾಂತಕೇಶ್ವರ, ಚಾಲುಕ್ಯರ ಕಾಲದಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಒಂದೇ ಊರಿನಲ್ಲಿದ್ದವು. ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ಬಣ್ಣಿಸುವ ರೀತಿ ನೋಡಬೇಕು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಸ್ಥಳ ಎಂದು ಹೇಳಿ ಅದು ಸುಮ್ಮನಾಗುವುದಿಲ್ಲ. ದೀನರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ನಾನಾ ಪಂಥದ ಸನ್ಯಾಸಿಗಳಿಗೆ ಊಟ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಜಾಗವೆಂದೂ ಪಟ್ಟಿ ಕೊಡುತ್ತದೆ.

ಬಳ್ಳಿಗಾವಿಗೆ ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದೆ ಐದನೇ ಶತಮಾನದ ಕಲ್ಲುಕಂಬ. ಎಂಟು ಮುಖದ ಈ ಕಂಬದ ಮೇಲೆ ಸಾಲುಗಳು ಅಡ್ಡಡ್ಡ ಇಲ್ಲ, ಬುಡದಿಂದ ಮೇಲಕ್ಕೆ ಏರುತ್ತವೆ. ಲಿಪಿ ಬಲ್ಲವನೂ ಕತ್ತು ವಾಲಿಸಿ, ಕಂಬಕ್ಕೆ ಸುತ್ತು ಬಂದೇ ಓದಬೇಕು. ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕೆತ್ತಿದ ಪದ್ಯಗಳಿವು. ಓದಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಗಿ ಕತ್ತಿ ಹಿಡಿದದ್ದು, ಕದಂಬ ರಾಜ್ಯ ಹುಟ್ಟಿದ್ದು ನಮಗೆ ಗೊತ್ತಾದದ್ದು ಇದರಿಂದಲೇ. ಇಷ್ಟೆಲ್ಲ ಹೇಳುವ ಶಾಸನದ ಮುಖ್ಯ ಸಂಗತಿ ಮಾತ್ರ ಕದಂಬ ಅರಸ ಕಾಕುಸ್ಥವರ್ಮ ಗುಡಿಗಾಗಿ ಕಟ್ಟಿಸಿದ ಕೆರೆ. ಏರಿಗಳ ಮೇಲೆ ನಡೆದು ಬಂದವರಿಗೆ ಇದರಲ್ಲಿ ಆಶ್ಚರ್ಯವಿರುವುದಿಲ್ಲ. ಇಲ್ಲಿ ರಾಜ್ಯ ಕಟ್ಟುವುದೆಂದರೆ ಮೊದಲು ನೀರು ಕಟ್ಟುವುದು.

ವಾಯವ್ಯಕ್ಕೆ ತಿರುಗಿದರೆ ಕಾಡಂಚಿನ ಬಂದಳಿಕೆ. ಶಾಂತಿನಾಥ ಬಸದಿ ಇರುವ ಈ ಊರು ಜಕ್ಕಿಯಬ್ಬೆಯ ನೆನಪಿನದು. ರಾಷ್ಟ್ರಕೂಟರ ಕಾಲದಲ್ಲಿ, ಗಂಡ ಸತ್ತ ಮೇಲೆ, ನಾಗರಖಂಡವೆಂಬ ಈ ಸೀಮೆಯ ಆಡಳಿತ ಈಕೆಯ ಕೈಗೆ ಬಂತು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಈ ಬಸದಿಗೆ ಬಂದು ಸಲ್ಲೇಖನ ಕೈಗೊಂಡಳು. ಮುಂದೆ ಸೊರಬ ತಾಲ್ಲೂಕಿನ ಆನವಟ್ಟಿ, ಅದರ ಪಕ್ಕದಲ್ಲಿ ಕುಬಟೂರಿನ ಕೈಟಭೇಶ್ವರ. ಕಡೆದು ನುಣುಪು ಮಾಡಿದ ಕಂಬಗಳ ವಿಶಾಲ ಮಂಟಪ ಮಧ್ಯಾಹ್ನದ ಬಿಸಿಲಿಗೆ ಒಳ್ಳೆಯ ನೆರಳು.

ಆನವಟ್ಟಿಯಿಂದ ಸೊರಬಕ್ಕೆ ಇಳಿಯುವಾಗ ಗೋವಿನಜೋಳ ಹಿಂದೆ ಸರಿದು ಅಡಿಕೆ, ಶುಂಠಿ, ಅನಾನಸ್ ಎದುರಾಗುತ್ತವೆ. ಗಂಧದ ಕೆತ್ತನೆಯ ಗುಡಿಗಾರರ ಊರು ಸೊರಬ. ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ನೋಡಲು ಸಿಗಬಹುದು. ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ನಸುಕಿನಲ್ಲಿ ಅದೇ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ತೆನೆ ಕಟ್ಟುವ ಪೈರಿಗೆ ಅದು ಬಸುರಿ ಬಯಕೆಯ ಊಟ.

ಕೊನೆಯ ಘಟ್ಟ ಚಂದ್ರಗುತ್ತಿ. ಕೋಟೆ ಹೊತ್ತ ಗುಡ್ಡ, ಬಂಡೆಯ ಗುಹೆಯಲ್ಲಿ ರೇಣುಕಾಂಬೆ. ಇಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆ 1986ರ ಘರ್ಷಣೆಯ ನಂತರ ನಿಂತಿತು. ಗುಡ್ಡ ಹತ್ತಿ ಇಳಿದು, ಸಿದ್ದಾಪುರದ ಮೇಲೆ ತಾಳಗುಪ್ಪ ಸೇರಿದರೆ ಬೆಂಗಳೂರು, ಮೈಸೂರಿಗೆ ನೇರ ರೈಲು.

ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬವಿರುವ ಊರಿಗೆ ಸಿಕ್ಕಿಕೊಂಡರೆ ರಸ್ತೆ ಬಿಟ್ಟು ಜಗಲಿ ಹತ್ತುವುದು ಕ್ಷೇಮ. ರಾತ್ರಿ ತಂಗುವ ಲೆಕ್ಕವನ್ನು ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬಗಳಂಥ ಪೇಟೆಗಳಿಗೆ ಹೊಂದಿಸಿಕೊಳ್ಳಬೇಕು. ಬಂದಳಿಕೆಯಂಥ ಕಡೆ ಕತ್ತಲಾಗುವ ಮೊದಲೇ ಹೊರಡಬೇಕು.

ಈ ಹಾದಿಗೆ ಕೋಟಿಗಟ್ಟಲೆಯ ಯೋಜನೆ ಬೇಕಿಲ್ಲ. ಕವಲುದಾರಿಯಲ್ಲಿ ಕೈಮರ, ತಾಳಗುಂದದಲ್ಲೊಂದು ತಂಗುಕೋಣೆ, ಬಂದಳಿಕೆಯಲ್ಲಿ ಕುಡಿಯುವ ನೀರಿನ ನಲ್ಲಿ ಇದ್ದರೆ ಸಾಕು. ಪಕ್ಕದ ಬಳ್ಳಿಗಾವಿಯಲ್ಲಿ ಬಂದವರಿಗೆಲ್ಲ ಅನ್ನ, ಔಷಧ ಸಿಗುತ್ತಿದ್ದ ದಾಖಲೆಯಿದೆ. ಇಂದಿನ ಸರ್ಕಾರಕ್ಕೆ ಕೇಳುತ್ತಿರುವುದು ಅದರ ಕಾಲುಭಾಗವೂ ಅಲ್ಲ.