ಕಟಕಟೆ ದಾಟಿದ ಸಾಕ್ಷಿ

“ಇದಕ್ಕೆ ದಾಖಲೆ ಎಲ್ಲಿದೆ ಸಾರ್?” ದಲಿತರ ಚರಿತ್ರೆಯ ಮಾತು ಬಂದಾಗೆಲ್ಲ ತರಗತಿಯಲ್ಲಿ ಈ ಪ್ರಶ್ನೆ ಏಳುತ್ತದೆ. ಎಂ.ಎ. ಓದುವಾಗ ನಾನೂ ಇದನ್ನೇ ಕೇಳಿದವನು. ದಾಖಲೆ ಇದ್ದರೆ ಸಾಲದು, ಅದನ್ನು ಬರೆದ ಕೈ ಯಾವುದು ಅಂತಲೂ ನೋಡಬೇಕು ಎಂಬುದನ್ನು ನನಗೆ ಕಲಿಸಿದ್ದು ನ್ಯೂರೆಂಬರ್ಗಿನ ಕಡತಗಳು.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರ ಮುಖ್ಯ ವಿಚಾರಣೆ ನಡೆಯಿತು. ಅದರ ನಂತರ ಅಮೆರಿಕದ ಮಿಲಿಟರಿ ನ್ಯಾಯಮಂಡಳಿಗಳು ಅಲ್ಲೇ ಇನ್ನೂ 12 ಮೊಕದ್ದಮೆ ನಡೆಸಿದವು. ಮೊದಲನೆಯದು ವೈದ್ಯರ ಮೊಕದ್ದಮೆ. 1946ರ ಡಿಸೆಂಬರ್‌ನಿಂದ 1947ರ ಆಗಸ್ಟ್‌ವರೆಗೆ ನಡೆದ ಇದರಲ್ಲಿ ಆರೋಪಿಗಳು 23 ಮಂದಿ. ಆಡಿದ ಪ್ರತಿ ಮಾತನ್ನೂ ಬರೆದುಕೊಂಡ ನಡಾವಳಿಯೇ 11 ಸಾವಿರ ಪುಟ ಮೀರುತ್ತದೆ. ಹನ್ನೆರಡೂ ಮೊಕದ್ದಮೆಗಳಿಂದ ಆಯ್ದು ಅಚ್ಚು ಮಾಡಿದ್ದು 15 ಸಂಪುಟ ಮಾತ್ರ. ಆಯ್ಕೆ ಅಂದಮೇಲೆ ಏನೋ ಉಳಿಯುತ್ತದೆ, ಏನೋ ಬಿಟ್ಟುಹೋಗುತ್ತದೆ.

ಕಡತದಲ್ಲಿ ಒಂದು ದಿನ 1947ರ ಜೂನ್ 27. ಕಟಕಟೆಯಲ್ಲಿ ಕಾರ್ಲ್ ಹ್ಯೋಲೆನ್‌ರೈನರ್. ಸಿಂಟಿ ಸಮುದಾಯದವನು, ಊರವರ ಬಾಯಲ್ಲಿ ‘ಜಿಪ್ಸಿ’. 1944ರಲ್ಲಿ ಡಖಾವ್ ಶಿಬಿರದಲ್ಲಿ ರೋಮಾ ಮತ್ತು ಸಿಂಟಿ ಕೈದಿಗಳಿಗೆ ಸಮುದ್ರದ ನೀರು ಕುಡಿಸಿ ಪ್ರಯೋಗ ಮಾಡಿದ್ದರು. ಸಮುದ್ರದ ನೀರನ್ನು ಕುಡಿಯಲು ಯೋಗ್ಯ ಮಾಡುವ ವಿಧಾನಗಳನ್ನು ಪರೀಕ್ಷಿಸುವುದಕ್ಕೆ 44 ಜನರ ದೇಹ. ದಾಹ ತಡೆಯದೆ ಒರೆಸಿದ ನೆಲವನ್ನೇ ನೆಕ್ಕಿದರು ಎಂಬ ಸಾಕ್ಷ್ಯವಿದೆ. ನೀರಿನ ಈ ಕತೆಯನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗ ನಡೆಸಿದ ವೈದ್ಯನನ್ನು ಗುರುತಿಸು ಅಂದರು. ಹ್ಯೋಲೆನ್‌ರೈನರ್ ಕಟಕಟೆ ಬಿಟ್ಟು ನೇರ ಆರೋಪಿಗಳ ಕಡೆ ನುಗ್ಗಿ ಬೈಗಲ್‌ಬ್ಯೋಕ್ ಎಂಬ ವೈದ್ಯನಿಗೆ ಹೊಡೆಯಹೋದ. ಆಮೇಲೆ ಕ್ಷಮೆ ಕೇಳಿದ. ಈತ ನನ್ನ ಬದುಕನ್ನೇ ಹಾಳು ಮಾಡಿದ ಅಂದ. ನ್ಯಾಯಾಲಯಕ್ಕೆ ಅಗೌರವ ತೋರಿದ್ದಕ್ಕೆ ಅವನಿಗೆ 90 ದಿನ ಸೆರೆವಾಸ ವಿಧಿಸಿದರು. ಕೆಲವೇ ದಿನಗಳ ನಂತರ ಮತ್ತೆ ಸಾಕ್ಷಿಗೆ ಕರೆತಂದಾಗ, ಪಾಟೀಸವಾಲು ಹಾಕಿದ ವಕೀಲ, ಜಿಪ್ಸಿಗಳ ಹಾಗೆ ಜಾರಿಕೊಳ್ಳಬೇಡ ಎಂಬರ್ಥದ ಮಾತಾಡಿದ. ಹುಟ್ಟೇ ಸುಳ್ಳಿನ ಪುರಾವೆ!

ಇನ್ನೊಂದು ಕಡೆ ನೋಡಿ. ಅದೇ ವೈದ್ಯನ ಕಡೆಯಿಂದ ಬಂದ ಕೈದಿಗಳ ಚಾರ್ಟುಗಳಲ್ಲಿ ಹೆಸರುಗಳನ್ನು ಅಳಿಸಲಾಗಿತ್ತು, ಟಿಪ್ಪಣಿ ತಿದ್ದಲಾಗಿತ್ತು. ತಿದ್ದಿದ್ದನ್ನು ಅವನೇ ಒಪ್ಪಿಕೊಂಡ. ಅಕ್ಷರ ಬಲ್ಲವನ ಕಾಗದವೇ ಸುಳ್ಳು ಹೇಳಿತು. ‘ಸುಳ್ಳ’ ಅನ್ನಿಸಿಕೊಂಡವನ ಮೈ ನಿಜ ಹೇಳಿತು. ಆ ವೈದ್ಯನಿಗೆ 15 ವರ್ಷ ಶಿಕ್ಷೆಯಾಯಿತು ನಿಜ. ಆದರೆ 1951ರಲ್ಲೇ ಬಿಡುಗಡೆಯಾದ. 1943ಕ್ಕೆ ಮುಂಚೆ ಜಿಪ್ಸಿಗಳ ಮೇಲೆ ಕೈಗೊಂಡದ್ದು ಜನಾಂಗದ್ವೇಷವಲ್ಲ, ಅಪರಾಧ ತಡೆಯುವ ಕ್ರಮ ಅಂತ ಪಶ್ಚಿಮ ಜರ್ಮನಿಯ ಫೆಡರಲ್ ನ್ಯಾಯಾಲಯ 1956ರಲ್ಲಿ ತೀರ್ಪು ಕೊಟ್ಟಿತು. ಅದು ನರಮೇಧವೇ ಎಂದು ಆ ಸರ್ಕಾರ ಒಪ್ಪಿದ್ದು 1982ರಲ್ಲಿ. 1871ರ ಕಾಯ್ದೆಯ ಕೆಳಗೆ ಹುಟ್ಟಿನಿಂದಲೇ ಅಪರಾಧಿಗಳು ಅನ್ನಿಸಿಕೊಂಡ ನಮ್ಮ ಅಲೆಮಾರಿ ಬುಡಕಟ್ಟುಗಳಿಗೆ ಈ ತರ್ಕ ಹೊಸದಲ್ಲ.

ಹಾಗಾದರೆ ಕಡತ ಬೇಡವೆ? ಬೇಕು. ಬೈಗಲ್‌ಬ್ಯೋಕ್‌ನ ಕಳ್ಳತನ ಬಯಲಾದದ್ದೂ ಕಡತದಿಂದಲೇ. ಹ್ಯೋಲೆನ್‌ರೈನರ್‌ನ ಸಿಟ್ಟನ್ನು ನ್ಯಾಯಾಲಯ ಅಪರಾಧ ಅಂತ ಬರೆದುಕೊಂಡಿತು. ಹಾಗೆ ಬರೆದುಕೊಂಡದ್ದರಿಂದಲೇ ಅದು ಇವತ್ತು ನಮಗೆ ಸಿಕ್ಕಿದೆ. ದಲಿತ ವಿಮರ್ಶೆ ಮಾಡಬೇಕಾದ್ದು ಇದೇ ಓದನ್ನು: ‘ಅಶಿಸ್ತು’ ಅಂತ ಬರೆದ ಕಡೆ ಸಾಕ್ಷ್ಯ ಹುಡುಕುವುದು.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ‘ಪ್ರತಿಕೂಲ ಸಾಕ್ಷಿ’ ಅಂತ ಕಡತ ಒಂದೇ ಪದದಲ್ಲಿ ಮುಗಿಸುತ್ತದೆ. ಆ ಪದದ ಹಿಂದೆ ಊರಿದೆ, ಕೂಲಿಯಿದೆ, ಭಯವಿದೆ. ದಾಖಲೆ ಎಲ್ಲಿ ಅಂತ ಕೇಳುವ ನನ್ನ ಹುಡುಗರಿಗೆ ಈಗ ಹೇಳುವುದಿಷ್ಟೆ: ಅಲ್ಲಿದೆ, ಆ ಒಂದು ಪದದಲ್ಲಿ. ಹೋಗಿ ಬಿಚ್ಚಿ ಓದಿ.